ಏರ್ ರೈಫಲ್ ಗ್ರೂಪ್ ಚದುರಿದರೆ: ಪೆಲೆಟ್ ಅಳತೆ, ಕೂರಿಸುವ ಆಳ ಮತ್ತು ಉಳಿದ ಗುಮಾನಿಗಳು

ನಿನ್ನೆಯವರೆಗೆ ಒಂದೇ ತೂತಿನಲ್ಲಿ ಹೋಗುತ್ತಿದ್ದ ಪೆಲೆಟ್ (ಏರ್ ರೈಫಲ್‌ನ ಸಣ್ಣ ಸೀಸದ ಗುಂಡು) ಇವತ್ತು ಕಾರ್ಡ್ ತುಂಬಾ ಚೆಲ್ಲಾಡುತ್ತದೆ. ವಿಜಯಪುರದ ಕಡೆ ಈ ದೂರು ಬಂದರೆ ಸುತ್ತ ನಿಂತವರು ಎರಡು ಮಾತು ಹೇಳುತ್ತಾರೆ. "ಪೆಲೆಟ್ ಸರಿ ಇಲ್ರಿ, ಬ್ಯಾರೆ ಡಬ್ಬಿ ತರಸ್ರಿ" ಎಂಬುದು ಒಂದು. "ಹುಡುಗನ ಕೈ ನಡಗ್ತೈತ್ರಿ" ಎಂಬುದು ಇನ್ನೊಂದು. ಎರಡೂ ನಿಜ ಇರಬಹುದು. ಆದರೆ ಅಳೆದು ನೋಡದೆ ಡಬ್ಬಿ ಬದಲಿಸಿದರೆ ದುಡ್ಡು ಹೋಗುತ್ತದೆ, ದೋಷ ಇದ್ದಲ್ಲೇ ಇರುತ್ತದೆ.

ಈ ಬರಹ 10 ಮೀಟರ್ ಏರ್ ರೈಫಲ್ ಬಗ್ಗೆ. ಕಾರ್ತೂಸಿನ ರೈಫಲ್ ಹವ್ಯಾಸ ಇರುವ ದೇಶಗಳಲ್ಲಿ ಕೆಲವರು ತಾವೇ ಕಾರ್ತೂಸು ತುಂಬಿಕೊಳ್ಳುತ್ತಾರೆ. ಬುಲೆಟ್ ಎಷ್ಟು ಆಳಕ್ಕೆ ಕೂತರೆ ಗ್ರೂಪ್ (ಹೊಡೆದ ತೂತುಗಳ ಗುಂಪಿನ ಅಗಲ) ಚಿಕ್ಕದಾಗುತ್ತದೆ ಎಂದು ಕೂದಲೆಳೆ ಲೆಕ್ಕದಲ್ಲಿ ಹುಡುಕುತ್ತಾರೆ. ನಮ್ಮಲ್ಲಿ ಕಾರ್ತೂಸು ತಯಾರಿಸಲು ಲೈಸೆನ್ಸ್ ಬೇಕು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಆದರೆ ಅವರ ಪ್ರಶ್ನೆ ಪೆಲೆಟ್‌ಗೂ ಹೊಂದುತ್ತದೆ. ಪೆಲೆಟ್‌ನ ತಲೆ ಬ್ಯಾರಲ್‌ಗೆ ಬಿಗಿಯಾಗಿ ಹೊಂದುತ್ತದೆಯೇ, ಪ್ರತಿ ಸಲ ಒಂದೇ ಆಳಕ್ಕೆ, ನೆಟ್ಟಗೆ ಕೂರುತ್ತದೆಯೇ? ಅರ್ಧ ದೂರುಗಳ ಮೂಲ ಇಲ್ಲಿದೆ. ಇನ್ನರ್ಧ ಬೇರೆ ಕಡೆ ಇದೆ.

ಕಾನೂನಿನ ಮಾತು ಒಂದೆರಡು ಸಾಲಿನಲ್ಲಿ ಮುಗಿಸುತ್ತೇನೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿಮೀ ಕ್ಯಾಲಿಬರ್ ಮೀರದ, ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಯ ಏರ್ ರೈಫಲ್, ಸುಮಾರು 7.5 ಜೂಲ್ ಕೊಡುತ್ತದೆ. ಅಷ್ಟೇ ಎಂದು ಹಗುರವಾಗಿ ನೋಡಬೇಡಿ, ಕಣ್ಣು ಹೋಗಲು ಅದು ಧಾರಾಳ ಸಾಕು. ಕನ್ನಡಕ ಹಾಕಿ. ಗಟ್ಟಿ ಕಬ್ಬಿಣದ ತಗಡಿಗೆ ನೇರವಾಗಿ ಹೊಡೆಯಬೇಡಿ, ಸೀಸ ವಾಪಸ್ ಹಾರುತ್ತದೆ. ಪೆಲೆಟ್ ಬಾಯಲ್ಲಿಟ್ಟುಕೊಂಡು ಲೋಡ್ ಮಾಡುವ ಚಟ ಕೆಲವು ಹುಡುಗರಿಗೆ ಇದೆ, ಅದನ್ನು ಇವತ್ತೇ ಬಿಡಿಸಿ. ಸೀಸ ವಿಷ. ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು.

ರೈಫಲ್ ಎಷ್ಟು ಕೆಡಿಸಬಲ್ಲದು?

ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಕತ್ತಲಲ್ಲಿ ತಡಕಾಡಿದಂತೆ.

10 ಮೀಟರ್ ಟಾರ್ಗೆಟ್‌ನ ಹತ್ತರ ಚುಕ್ಕೆ ಕೇವಲ 0.5 ಮಿಮೀ. ಪೆಲೆಟ್‌ನ ಅಂಚು ಅದಕ್ಕೆ ತಾಗಿದರೂ ಹತ್ತು ಸಿಗುತ್ತದೆ. ಹಾಗಾಗಿ ಪೆಲೆಟ್‌ನ ನಡು, ಟಾರ್ಗೆಟ್ ನಡುವಿನಿಂದ 2.5 ಮಿಮೀ ಒಳಗೆ ಬಿದ್ದರೆ ಅದು ಹತ್ತು. ದಶಮಾಂಶದ ಅಂಕದಲ್ಲಿ ಪ್ರತಿ 0.1ಕ್ಕೆ 0.25 ಮಿಮೀ ಲೆಕ್ಕ. 10.9 ಬೇಕಾದರೆ ಕಾಲು ಮಿಲಿಮೀಟರ್ ಒಳಗೇ ಇರಬೇಕು.

ಈಗ ಕೈ ಮತ್ತು ರೈಫಲ್ ಎರಡನ್ನೂ ಕೂಡಿಸಿ. ನಿಂತು ಹೊಡೆಯುವವನ ಗ್ರೂಪ್ ಕೈಯ ಕಾರಣಕ್ಕೆ 8 ಮಿಮೀ, ರೈಫಲ್ ಕಾರಣಕ್ಕೆ 3 ಮಿಮೀ ಎಂದುಕೊಳ್ಳಿ. ಒಟ್ಟು 11 ಆಗುವುದಿಲ್ಲ. ಕೈ ಎಡಕ್ಕೆ ಹೋದಾಗ ಪೆಲೆಟ್ ಬಲಕ್ಕೂ ಹೋಗಬಹುದು, ಅಲ್ವಾ? ಇಂಥ ಚದುರುವಿಕೆ ವರ್ಗದ ಲೆಕ್ಕದಲ್ಲಿ ಕೂಡುತ್ತದೆ. 64ಕ್ಕೆ 9 ಸೇರಿ 73, ಅದರ ವರ್ಗಮೂಲ ಸುಮಾರು 8.5. ರೈಫಲ್ ದೋಷವನ್ನು ಪೂರ್ತಿ ತೆಗೆದರೂ ಅವನಿಗೆ ಸಿಗುವುದು ಅರ್ಧ ಮಿಲಿಮೀಟರ್. ಹೊಸದಾಗಿ ಕಲಿಯುವವರಿಗೆ ದುಬಾರಿ ಪೆಲೆಟ್ ಕೊಡಿಸುವ ಅಪ್ಪಂದಿರು ಈ ಲೆಕ್ಕ ಒಮ್ಮೆ ನೋಡಬೇಕು. 60 ಗುಂಡಿಗೆ 620ರ ಮೇಲೆ ಹೊಡೆಯುವವರಿಗೆ ಮಾತ್ರ ಪೆಲೆಟ್ ಆಯ್ಕೆ ನಿಜವಾಗಿ ಅಂಕ ತರುತ್ತದೆ.

ಸಿಂದಗಿ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳಿದರೆ ಈ ಲೆಕ್ಕದ ಉಪಯೋಗ ಗೊತ್ತಾಗುತ್ತದೆ. ಆಕೆಯ ಸರಾಸರಿ ಗುಂಡಿಗೆ 10.1 ಇದ್ದದ್ದು 9.7ಕ್ಕೆ ಇಳಿದಿತ್ತು. "ಹೊಸ ಡಬ್ಬಿ ಒಡದಾಗಿಂದ ಹಿಂಗ ಆಗೇತ್ರಿ ಸರ, ಡಬ್ಬಿನ ಖೊಟ್ಟಿ ಐತಿ" ಎಂದು ತಂದೆಯ ದೂರು. 0.4 ಅಂಕ ಎಂದರೆ 1 ಮಿಮೀ. ಮೊದಲು ನಡುವಿನಿಂದ ಸರಾಸರಿ 2.3 ಮಿಮೀ ದೂರ ಬೀಳುತ್ತಿದ್ದ ಪೆಲೆಟ್ ಈಗ 3.3 ಮಿಮೀ ದೂರ ಬೀಳುತ್ತಿದೆ. ಈ ನಷ್ಟವನ್ನೆಲ್ಲ ಪೆಲೆಟ್ ತಲೆಗೇ ಕಟ್ಟಬೇಕಾದರೆ, ಪೆಲೆಟ್‌ಗಳು ತಾವಾಗಿಯೇ ಸರಾಸರಿ 2.4 ಮಿಮೀ ಅಡ್ಡಾದಿಡ್ಡಿ ಹೋಗುತ್ತಿರಬೇಕು. ಅಂದರೆ ರೈಫಲನ್ನು ಚೀಲದ ಮೇಲೆ ಇಟ್ಟು ಐದು ಗುಂಡು ಹೊಡೆದರೆ ಗ್ರೂಪ್ 6 ಮಿಮೀ ಆಸುಪಾಸು ಬರಬೇಕು. ಇಟ್ಟು ಹೊಡೆದೆವು. ಬಂದದ್ದು 2 ಮಿಮೀ ಹತ್ತಿರ. ಡಬ್ಬಿ ನಿರಪರಾಧಿ. ಕಳ್ಳ ಯಾರು ಎಂಬುದು ಆಮೇಲೆ ಬರುತ್ತದೆ.

ಅದೇ ಪೆಲೆಟ್ ಎರಡು ಸಲ

ಗಾಳಿ ಸಿಲಿಂಡರಿನ ಮ್ಯಾಚ್ ರೈಫಲ್ ಆದರೆ ಗಟ್ಟಿ ಮೇಜು, ಎರಡು ಮರಳು ಚೀಲ ಸಾಕು. ಹಳೆ ಜೀನ್ಸ್ ಕಾಲು ಕತ್ತರಿಸಿ ಹೊಲಿದು ಮರಳು ತುಂಬಿ. ಜೋಳ ತುಂಬಿದವರೂ ಇದ್ದಾರೆ. ಹಗುರ, ಒಯ್ಯಲು ಸುಲಭ, ಆದರೆ ಇಲಿ ಬಿಡುವುದಿಲ್ಲ. ರೈಫಲ್‌ನ ಮುಂಗಟ್ಟಿಗೆ (ಬ್ಯಾರಲ್ ಕೆಳಗೆ ಎಡಗೈ ಹಿಡಿಯುವ ಭಾಗ) ಪ್ರತಿ ಸಲ ಚೀಲದ ಮೇಲೆ ಅದೇ ಜಾಗದಲ್ಲಿ ಕೂರಲಿ. ಬ್ಯಾರಲ್ ಯಾವುದಕ್ಕೂ ತಾಗಬಾರದು.

ಬ್ಯಾರಲ್ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ರೈಫಲ್ ಆದರೆ ಚೀಲದ ಮೇಲೆ ನೇರವಾಗಿ ಇಡಬೇಡಿ. ಅದರೊಳಗೆ ಪಿಸ್ಟನ್ ಮುಂದಕ್ಕೆ ನುಗ್ಗಿ ನಿಲ್ಲುವಾಗ ರೈಫಲ್ ಹಿಂದೆ ಮುಂದೆ ಕುಣಿಯುತ್ತದೆ. ಪೆಲೆಟ್ ಆಗ ಇನ್ನೂ ಬ್ಯಾರಲ್ ಒಳಗೇ ಇರುತ್ತದೆ. ಬಿಗಿ ಹಿಡಿದರೆ ಒಂದು ಕಡೆ, ಸಡಿಲ ಬಿಟ್ಟರೆ ಇನ್ನೊಂದು ಕಡೆ. ಚೀಲದ ಮೇಲೆ ಅಂಗೈ ಚಾಚಿ, ಅಂಗೈ ಮೇಲೆ ರೈಫಲ್ ಇಟ್ಟು, ಭುಜಕ್ಕೆ ಮೆತ್ತಗೆ ತಾಗಿಸಿ ಹೊಡೆಯಿರಿ. ಅದು ತನ್ನಷ್ಟಕ್ಕೆ ಕುಣಿದುಕೊಳ್ಳಲಿ.

ಜಾಗದ ಚಿಂತೆ ಬೇಡ. ಗುಂಡಿನ ಗೆರೆಯಿಂದ ಟಾರ್ಗೆಟ್ ಮುಖಕ್ಕೆ 10 ಮೀಟರ್ ಎಂದರೆ 33 ಅಡಿಗೆ ಎರಡು ಇಂಚು ಕಡಿಮೆ. 30×40 ಸೈಟಿನ ಮನೆಯ ಉದ್ದಕ್ಕೆ ಹೇಗೋ ಹೊಂದುತ್ತದೆ. ಹಳೆ ವಾಡೆಯ ಪಡಸಾಲೆ ಇದ್ದವರಿಗೆ ಇನ್ನೂ ಆರಾಮ. ಬಯಲಲ್ಲಿ ಮಾತ್ರ ಟೆಸ್ಟ್ ಮಾಡಬೇಡಿ. ನಮ್ಮ ಕಡೆಯ ಗಾಳಿ ಪೆಲೆಟ್ ಅನ್ನು ಪಕ್ಕಕ್ಕೆ ತಳ್ಳುತ್ತದೆ, ಆಮೇಲೆ ನೀವು ಅಳೆಯುವುದು ಗಾಳಿಯನ್ನೇ.

ದಪ್ಪ ಕಾರ್ಡಿಗೆ ಐದು ಗುಂಡು. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್‌ನಲ್ಲಿ ಅಳೆದು, ಪೆಲೆಟ್ ದಪ್ಪ 4.5 ಕಳೆಯಿರಿ. ಒಳ್ಳೆ ಮ್ಯಾಚ್ ರೈಫಲ್, ಹೊಂದುವ ಪೆಲೆಟ್ ಇದ್ದರೆ 1ರಿಂದ 1.5 ಮಿಮೀ ಉಳಿಯುತ್ತದೆ.

ಈಗ ಜನ ಬಿಟ್ಟುಬಿಡುವ ಹೆಜ್ಜೆ. ಏನನ್ನೂ ಬದಲಿಸದೆ, ಅದೇ ಡಬ್ಬಿ, ಅದೇ ಕೂರಿಸುವ ರೀತಿ, ಇನ್ನೊಂದು ಗ್ರೂಪ್ ಹೊಡೆಯಿರಿ. ಒಟ್ಟು ನಾಲ್ಕು ಗ್ರೂಪ್ ಆಗಲಿ. ಒಂದು 1.2, ಇನ್ನೊಂದು 1.9, ಮತ್ತೊಂದು 1.5 ಹೀಗೆ ಬರುತ್ತದೆ. ಏನೂ ಬದಲಾಗಿಲ್ಲ, ಅಳತೆ ಮಾತ್ರ ಬದಲಾಯಿತು. ಐದು ಗುಂಡಿನ ಗ್ರೂಪ್ ಬರೀ ಅದೃಷ್ಟದ ಮೇಲೆ ಕಾಲು ಭಾಗದಷ್ಟು ಹಿಗ್ಗುವುದು, ಕುಗ್ಗುವುದು ಮಾಮೂಲು. ಹೀಗಿರುವಾಗ 4.49ರ ಡಬ್ಬಿಯಿಂದ ಒಂದು ಗ್ರೂಪ್, 4.50ರಿಂದ ಒಂದು ಗ್ರೂಪ್ ಹೊಡೆದು, ಚಿಕ್ಕದು ಬಂದ ಡಬ್ಬಿಯೇ ಒಳ್ಳೆಯದು ಎಂದರೆ ಅದು ಚೀಟಿ ಎತ್ತಿದ ಹಾಗೆ. ನಿಮ್ಮ ರೈಫಲ್ ತನಗೆ ತಾನೇ ಎಷ್ಟು ಬೇರೆ ಆಗುತ್ತದೆ ಎಂದು ಮೊದಲು ಗೊತ್ತಿರಬೇಕು. ಅದಕ್ಕಿಂತ ದೊಡ್ಡ ವ್ಯತ್ಯಾಸ ಕಂಡರೆ ಮಾತ್ರ ಅದು ವ್ಯತ್ಯಾಸ.

ಇನ್ನೊಂದು ಎಚ್ಚರ. ಅದೇ ರೈಫಲ್‌ನಿಂದ ಹತ್ತು ಗುಂಡು ಹೊಡೆದರೆ ಗ್ರೂಪ್ ಐದರದ್ದಕ್ಕಿಂತ ಸರಾಸರಿ ಕಾಲು ಭಾಗ ದೊಡ್ಡದು. ಹತ್ತನ್ನು ಐದರ ಜೊತೆ ಹೋಲಿಸಬೇಡಿ. ಗೆಳೆಯ ಮೂರು ಗುಂಡಿನ ಗ್ರೂಪ್ ಫೋಟೋ ಕಳಿಸಿ ಹೊಟ್ಟೆ ಉರಿಸಿದರೆ ಸುಮ್ನೆ ನಕ್ಕುಬಿಡಿ.

ಆಕಾರ ಏನು ಹೇಳುತ್ತದೆ

ಗುಂಡಗೆ ಎಲ್ಲ ಕಡೆ ಚದುರಿದರೆ ಪೆಲೆಟ್ ಅಥವಾ ಬ್ಯಾರಲ್ ನೋಡಿ. ಎರಡು ಬೇರೆ ಬೇರೆ ಗುಂಪು ಬಿದ್ದು ನಡುವೆ ಖಾಲಿ ಇದ್ದರೆ ಏನೋ ಸಡಿಲ ಇದೆ, ಎರಡು ಜಾಗದ ನಡುವೆ ಜಿಗಿಯುತ್ತಿದೆ. ಸ್ಟಾಕ್ (ಬ್ಯಾರಲ್ ಕೂರುವ ಕಟ್ಟು) ಸ್ಕ್ರೂ, ಗುರಿ ನೋಡುವ ಹಿಂದಿನ ಸೈಟ್, ಮಡಚುವ ಬ್ಯಾರಲ್‌ನ ಕೀಲು, ಈ ಕ್ರಮದಲ್ಲಿ ನೋಡಿ. ನಾಲ್ಕು ಒಂದೇ ತೂತಿನಲ್ಲಿ ಹೋಗಿ ಐದನೆಯದು ಓಡಿಹೋದರೆ, ಅದೂ ಆಗಾಗ, ಯಾವ ದಿಕ್ಕು ಎಂದು ಹೇಳಲಾಗದಂತೆ ಆದರೆ, ಪೆಲೆಟ್ ಕೂರುವಾಗ ಪೆಟ್ಟು ತಿನ್ನುತ್ತಿದೆ. ಮೇಲೆ ಕೆಳಗೆ ಉದ್ದವಾಗಿ ಎಳೆದರೆ ಗಾಳಿಯ ಒತ್ತಡ ಇರಬಹುದು. ನಿಂತು ಹೊಡೆದಾಗ ಮಾತ್ರ ಹಾಗಾದರೆ ಉಸಿರು.

ಗ್ರೂಪ್ ಬಿಗಿಯಾಗಿಯೇ ಇದ್ದು ಪೂರ್ತಿ ಬೇರೆ ಕಡೆ ಸರಿದಿದ್ದರೆ ಅದು ಚದುರುವ ದೋಷವೇ ಅಲ್ಲ, ಸೈಟ್ ಸರಿದಿದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಇದೇ ಏರ್ ರೈಫಲ್‌ನಲ್ಲಿ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಗೆದ್ದರು. ಫೈನಲ್‌ಗೆ ಮುಂಚಿನ ಸೈಟಿಂಗ್ ಗುಂಡು (ಅಂಕಕ್ಕೆ ಲೆಕ್ಕವಿಲ್ಲದ ಪರೀಕ್ಷೆಯ ಗುಂಡು) ನಾಲ್ಕಕ್ಕೆ ಬಿತ್ತು ಎಂದು ಅವರೇ ಆಮೇಲೆ ಹೇಳಿದ್ದಾರೆ. ಅವರು ಪೆಲೆಟ್ ಡಬ್ಬಿ ಬದಲಿಸಲು ಓಡಲಿಲ್ಲ. ಸೈಟ್ ತಿರುಗಿಸಿ ಸರಿಮಾಡಿಕೊಂಡು ಫೈನಲ್ ಆಡಿದರು. ಅಂಥ ಆಟಗಾರನ ಗುಂಡು ಅಷ್ಟು ದೂರ ಹೋಯಿತು ಎಂದರೆ ಕೈಯನ್ನು ಅನುಮಾನಿಸುವ ಹಾಗಿಲ್ಲ. ನಾವು ಕಲಿಯಬೇಕಾದ್ದು ಇದನ್ನೇ: ಗುಂಡು ಎಷ್ಟು ದೂರ ಹೋಯಿತು ಎಂಬುದೇ ಕಾರಣವನ್ನು ಹುಡುಕಿಕೊಡುತ್ತದೆ.

ತಲೆಯ ಅಳತೆ

ಮ್ಯಾಚ್ ಪೆಲೆಟ್ ಸುಮಾರು 0.53 ಗ್ರಾಂ ತೂಗುತ್ತದೆ. ಮುಂದೆ ಚಪ್ಪಟೆ ತಲೆ, ನಡುವೆ ಸೊಂಟ, ಹಿಂದೆ ಟೊಳ್ಳು ಲಂಗ. ತಲೆ ಬ್ಯಾರಲ್‌ನ ಒಳಗಿನ ಗೆರೆಗಳ ಮೇಲೆ ಕೂತು ನೆಟ್ಟಗೆ ನಡೆಯಬೇಕು. ಲಂಗ ಗಾಳಿಯ ಒತ್ತಡಕ್ಕೆ ಅರಳಿ ಸೋರಿಕೆ ತಡೆಯಬೇಕು. ಎಚ್ ಆಂಡ್ ಎನ್, ಆರ್‌ಡಬ್ಲ್ಯೂಎಸ್, ಜೆಎಸ್‌ಬಿ ಮುಂತಾದವರು ತಲೆಯ ಅಳತೆಯನ್ನು ಡಬ್ಬಿ ಮೇಲೆ ಬರೆಯುತ್ತಾರೆ: 4.49, 4.50, 4.51 ಹೀಗೆ. ಮಿಲಿಮೀಟರ್‌ನ ನೂರನೇ ಒಂದು ಭಾಗದ ವ್ಯತ್ಯಾಸ. ನಂಬಲು ಕಷ್ಟ, ಆದರೆ ರೈಫಲ್‌ಗೆ ಗೊತ್ತಾಗುತ್ತದೆ.

ನಿಮ್ಮ ಬ್ಯಾರಲ್‌ಗೆ ಯಾವುದು ಎಂದು ತಿಳಿಯಲು ಗುಂಡು ಹಾರಿಸುವ ಮೊದಲೇ ಒಂದು ಪರೀಕ್ಷೆ ಇದೆ. ರೈಫಲ್ ಕಾಕ್ (ಹೊಡೆಯಲು ಸಿದ್ಧ) ಆಗಿರಬಾರದು. ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಡಿ, ಒಳಗೆ ಉಳಿದ ಗಾಳಿಯನ್ನೂ ಟ್ರಿಗರ್ ಒತ್ತಿ ಖಾಲಿ ಮಾಡಿ. ಪೆಲೆಟ್ ಒಂದನ್ನು ಎಂದಿನಂತೆ ಕೂರಿಸಿ, ಪ್ಲಾಸ್ಟಿಕ್ ಹೊದಿಸಿದ ಕ್ಲೀನಿಂಗ್ ರಾಡ್‌ನಿಂದ ಬ್ಯಾರಲ್ ಉದ್ದಕ್ಕೂ ಮೆಲ್ಲಗೆ ತಳ್ಳಿ ಮುಂದಿನ ಬಾಯಿಂದ ಹೊರಗೆ ತೆಗೆಯಿರಿ. ಭೂತಗನ್ನಡಿಯಲ್ಲಿ ನೋಡಿ. ತಲೆಯ ಸುತ್ತ ಎಲ್ಲ ಗೆರೆಗಳೂ ಸಣ್ಣಗೆ, ಸಮನಾಗಿ ಮೂಡಿದ್ದರೆ ತಲೆ ಹೊಂದಿದೆ. ಲಂಗದ ಮೇಲೆ ಮಾತ್ರ ಗೆರೆ ಇದ್ದು ತಲೆ ನುಣ್ಣಗಿದ್ದರೆ ತಲೆ ಚಿಕ್ಕದು, ಬ್ಯಾರಲ್‌ನಲ್ಲಿ ಅಲುಗಾಡುತ್ತಾ ಹೋಗುತ್ತಿದೆ. ಒಂದೇ ಬದಿಗೆ ಗೆರೆ ಇದ್ದರೆ ಪೆಲೆಟ್ ಓರೆಯಾಗಿ ಕೂತಿದೆ. ತಳ್ಳುವಾಗಲೇ ಒದ್ದಾಡಬೇಕಾಗಿ ಬಂದರೆ ತಲೆ ದೊಡ್ಡದು. ಇಷ್ಟರಿಂದ ಎರಡು ಮೂರು ಅಳತೆ ಪಟ್ಟಿಯಿಂದ ಬಿದ್ದುಹೋಗುತ್ತವೆ. ಉಳಿದ ಎರಡಕ್ಕೆ ಮಾತ್ರ ನಾಲ್ಕು ನಾಲ್ಕು ಗ್ರೂಪ್ ಹೊಡೆಯಿರಿ.

ಒಂದೇ ಕಂಪನಿ, ಒಂದೇ ಅಳತೆ ಆದರೂ ಲಾಟ್ (ಒಮ್ಮೆಗೆ ತಯಾರಾದ ಕಂತು) ಬದಲಾದರೆ ಪೆಲೆಟ್ ಬದಲಾದ ಹಾಗೆ. ಡಬ್ಬಿ ಹಿಂದಿನ ಲಾಟ್ ಸಂಖ್ಯೆ ಬರೆದಿಡಿ. ಹೊಂದಿದ ಲಾಟ್ ಸಿಕ್ಕರೆ ಸೀಸನ್‌ಗೆ ಬೇಕಾದಷ್ಟು ಒಮ್ಮೆಗೇ ತರಿಸಿಕೊಳ್ಳುವುದು ಜಾಣತನ.

ಪೆಲೆಟ್‌ಗಳನ್ನು ತೂಗಿ ಆರಿಸುವವರಿದ್ದಾರೆ. ಪತ್ತಾರರ ಅಂಗಡಿಯ ಮಿಲಿಗ್ರಾಂ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದವರನ್ನೂ ಕಂಡಿದ್ದೇನೆ. ಒಳ್ಳೆ ಡಬ್ಬಿಯಲ್ಲಿ ತೂಕದ ಏರುಪೇರು 10 ಮೀಟರ್‌ನಲ್ಲಿ ಕಾಣುವಷ್ಟು ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಹೊತ್ತನ್ನು ಲಂಗ ನೋಡುವುದಕ್ಕೆ ಕೊಡಿ. ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ತಾಳಿಕೋಟೆಯಿಂದ ಕುಲುಕಾಡಿಕೊಂಡು ಬಂದ ಡಬ್ಬಿಯಲ್ಲಿ ಡೊಂಕು ಲಂಗದ ಪೆಲೆಟ್ ಸಿಗುವುದು ಖಂಡಿತ. ಗಾಜಿನ ಮೇಲೆ ಉರುಳಿಸಿ. ಒಳ್ಳೆಯದು ನುಣ್ಣಗೆ ಸುತ್ತು ಹಾಕುತ್ತದೆ, ಪೆಟ್ಟು ತಿಂದದ್ದು ಕುಂಟುತ್ತದೆ. ಡಬ್ಬಿಯೊಳಗೆ ಮೇಲಿನಿಂದ ತೆಳು ಸ್ಪಂಜು ಇಟ್ಟು ಮುಚ್ಚಿದರೆ ಪ್ರಯಾಣದಲ್ಲಿ ಕುಲುಕುವುದಿಲ್ಲ.

ಕೂರಿಸುವ ಆಳ

ಮ್ಯಾಚ್ ರೈಫಲ್‌ನಲ್ಲಿ ಆಳ ನಿಮ್ಮ ಕೈಯಲ್ಲಿಲ್ಲ. ಬೋಲ್ಟಿನ ತುದಿಯ ಕಡ್ಡಿ ಪೆಲೆಟ್ ಅನ್ನು ಪ್ರತಿ ಸಲ ಅಷ್ಟೇ ದೂರ ತಳ್ಳುತ್ತದೆ. ನಿಮ್ಮ ಕೈಯಲ್ಲಿರುವುದು ಪೆಲೆಟ್ ಅನ್ನು ಅಂಕಣದಲ್ಲಿ (ಬ್ಯಾರಲ್ ಹಿಂದಿನ ಲೋಡ್ ಮಾಡುವ ತೋಡು) ನೆಟ್ಟಗೆ ಇಡುವುದು. ಅರ್ಧ ಓರೆ ಇಟ್ಟು ಲಿವರ್ ಬಡಿದು ಮುಚ್ಚಿದರೆ ಲಂಗದ ಅಂಚು ಮಡಚುತ್ತದೆ. ಮೊದಲೇ ಹೇಳಿದ ಓಡಿಹೋಗುವ ಐದನೆಯ ಗುಂಡು ಇದೇ. ಹುಡುಗರು ಮ್ಯಾಚ್‌ನ ಕೊನೆ ಹತ್ತು ನಿಮಿಷದಲ್ಲಿ ಅವಸರ ಮಾಡುವಾಗ ಇದು ಜಾಸ್ತಿ. ಹೆಬ್ಬೆರಳಿನಿಂದ ತಲೆಯನ್ನು ಬ್ಯಾರಲ್ ಬಾಯಿಗೆ ತಾಗಿಸಿ, ಆಮೇಲೆ ಲಿವರ್ ಮೆಲ್ಲಗೆ. ಮುಚ್ಚುವಾಗ ಎಂದಿಗಿಂತ ಬಿಗಿ ಅನಿಸಿದರೆ ಆ ಪೆಲೆಟ್ ಅನ್ನು ಲೆಕ್ಕಕ್ಕೆ ಹೊಡೆಯುವ ಮೊದಲು ಯೋಚಿಸಿ.

ಮಡಚುವ ಬ್ಯಾರಲ್‌ನಲ್ಲಿ ಆಳ ಪೂರ್ತಿ ನಿಮ್ಮ ಹೆಬ್ಬೆರಳಿನದು. ಅದಕ್ಕೇ ಅಲ್ಲಿ ಏರುಪೇರು. ಪೆಲೆಟ್‌ನ ಲಂಗ ಬ್ಯಾರಲ್ ಬಾಯಿಗಿಂತ ಕೂದಲಷ್ಟು ಹೊರಗೆ ಉಳಿದರೂ ಮುಚ್ಚುವಾಗ ಜಜ್ಜಿಹೋಗುತ್ತದೆ. ಬಾಯಿಗೆ ಸಮ ಕೂರಿಸಿ ಒಂದು ಸರಣಿ, ಇನ್ನೊಂದು ಮಿಲಿಮೀಟರ್ ಒಳಗೆ ತಳ್ಳಿ ಇನ್ನೊಂದು ಸರಣಿ ಹೊಡೆದು ನೋಡಿ. ಒಳಗೆ ತಳ್ಳಲು ಖಾಲಿ ಬಾಲ್‌ಪೆನ್ನಿನ ದುಂಡು ಹಿಂಬದಿ ಸಾಕು. ಎಷ್ಟು ಆಳ ಹೋಗಬೇಕೋ ಅಲ್ಲಿಗೆ ರಬ್ಬರ್ ರಿಂಗ್ ಸುತ್ತಿ ತಡೆ ಮಾಡಿಕೊಳ್ಳಿ. ಕೆಲವು ರೈಫಲ್‌ಗೆ ಸಮ ಇದ್ದರೆ ಚೆಂದ, ಕೆಲವಕ್ಕೆ ಒಳಗೆ ಹೋದರೆ ಚೆಂದ. ಆಳ ಬದಲಾದರೆ ವೇಗವೂ ಬದಲಾಗಿ ಗುಂಡು ಬೀಳುವ ಎತ್ತರ ಸರಿಯಬಹುದು, ಅದನ್ನು ಸೈಟಿನಲ್ಲಿ ಸರಿಮಾಡಿಕೊಳ್ಳಬಹುದು. ಎರಡು ಆಳದ ನಡುವೆ ವ್ಯತ್ಯಾಸವೇ ಕಾಣದಿದ್ದರೆ ಪ್ರತಿ ಸಲ ಮಾಡಲು ಸುಲಭವಾದದ್ದನ್ನು ಇಟ್ಟುಕೊಳ್ಳಿ. ಈ ಕೆಲಸ ಮಾಡುವಾಗ ಇನ್ನೊಂದು ಕೈ ಬ್ಯಾರಲ್ ಬಿಡಬಾರದು. ತೆರೆದ ಸ್ಥಿತಿಯಲ್ಲಿ ಟ್ರಿಗರ್ ಜಾರಿದರೆ ಬ್ಯಾರಲ್ ಪಟಕ್ಕನೆ ಮುಚ್ಚಿಕೊಂಡು ಹೆಬ್ಬೆರಳನ್ನೇ ಕತ್ತರಿಸಬಹುದು.

ಜಮಖಂಡಿಯ ಒಬ್ಬರು ತಂದ ಹಳೆ ಸ್ಪ್ರಿಂಗ್ ರೈಫಲ್‌ನಲ್ಲಿ ಆಳ, ಪೆಲೆಟ್ ಎಲ್ಲ ಸರಿ ಇತ್ತು. ಆದರೂ ಮೇಲೊಂದು ಗುಂಪು, ಕೆಳಗೊಂದು ಗುಂಪು. ಪೆಲೆಟ್ ಕೂರಿಸುವ ಹಿಂದಿನ ಬಾಯಿಯ ಸುತ್ತ ಇರುವ ರಬ್ಬರ್ ಸೀಲ್ ಸವೆದಿತ್ತು ಎಂದು ರಿಪೇರಿ ಅಂಗಡಿಯಲ್ಲಿ ಮೋಟಾರ್ ಪಂಪಿನ ಓ ರಿಂಗ್ ಹಾಕಿಸಿಕೊಂಡಿದ್ದರು. ಅದು ದಪ್ಪ. ಬ್ಯಾರಲ್ ಪೂರ್ತಿ ಮುಚ್ಚಿದಂತೆ ಕಂಡರೂ ಕೊಂಡಿ ಒಮ್ಮೆ ಪೂರ್ತಿ ಬೀಳುತ್ತಿತ್ತು, ಒಮ್ಮೆ ಬೀಳುತ್ತಿರಲಿಲ್ಲ. ಸೀಲ್ ಸರಿ ಇದೆಯೇ ಎಂದು ತಿಳಿಯಲು ಸಿಗರೇಟು ಪ್ಯಾಕಿನ ತೆಳು ಹಾಳೆ ಸಾಕು. ಅದೇ ಹಿಂದಿನ ಬಾಯಿಯ ಪಕ್ಕ ಹಾಳೆ ಹಿಡಿದು ಹೊಡೆದಾಗ ಅದು ಹಾರಿದರೆ ಸೀಲ್ ಸೋರುತ್ತಿದೆ. ಹಾರದಿದ್ದರೆ ಸೋರಿಕೆ ಇಲ್ಲ, ಆದರೆ ದಪ್ಪ ಆಗಿಲ್ಲ ಎಂಬ ಖಾತ್ರಿ ಅದರಿಂದ ಸಿಗುವುದಿಲ್ಲ. ಮುಚ್ಚಿದ ಬ್ಯಾರಲ್ ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ, ಸ್ವಲ್ಪವೂ ಆಡಬಾರದು.

ಗಾಳಿ ಮತ್ತು ವೇಗ

ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಕೊಂಡವರು ಸಂಖ್ಯೆ ನೋಡಿ ನಿದ್ದೆ ಕೆಡಿಸಿಕೊಳ್ಳುತ್ತಾರೆ. 10 ಮೀಟರ್‌ಗೆ ಲೆಕ್ಕ ಹೀಗಿದೆ. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ ಟಾರ್ಗೆಟ್ ಸೇರುವಷ್ಟರಲ್ಲಿ ಸುಮಾರು 17 ಮಿಮೀ ಕೆಳಗೆ ಬೀಳುತ್ತದೆ. ವೇಗ 167 ಆದರೆ ಇನ್ನೂ 0.6 ಮಿಮೀ ಕೆಳಗೆ. ಅಂದರೆ ಗುಂಡಿನಿಂದ ಗುಂಡಿಗೆ ಒಂದೆರಡು ಮೀಟರ್ ವ್ಯತ್ಯಾಸ ಇದ್ದರೆ ಆಗುವುದು ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ಅದರ ಚಿಂತೆ ಬಿಡಿ. ವೇಗ 150ಕ್ಕೆ ಕುಸಿದರೆ ಮಾತ್ರ 5 ಮಿಮೀ, ಅಂದರೆ ಎರಡು ಸುತ್ತು ಕೆಳಗೆ. ಸಿಲಿಂಡರ್ ಒತ್ತಡ, ಗಾಳಿಯನ್ನು ಒಂದೇ ಒತ್ತಡದಲ್ಲಿ ಬಿಡುವ ರೆಗ್ಯುಲೇಟರ್ ಕೆಲಸ ಮಾಡುವ ಮಟ್ಟಕ್ಕಿಂತ ಇಳಿದಾಗ ಹೀಗಾಗುತ್ತದೆ. ಗುಂಡುಗಳು ಒಂದರ ಕೆಳಗೆ ಒಂದು ಜಾರುತ್ತಾ ಹೋಗುತ್ತವೆ. ಮೊದಲು ಗೇಜ್ ನೋಡಿ. ಸಿಲಿಂಡರ್ ತುಂಬಿದ್ದರೂ ವೇಗ ಜಿಗಿದಾಡಿದರೆ ರೆಗ್ಯುಲೇಟರ್ ಸೀಲ್ ಹೋಗಿದೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ.

ನಮ್ಮ ಬಿಸಿಲಿನಲ್ಲಿ ಇನ್ನೊಂದು ವಿಷಯ ಇದೆ. 25 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರ್ ಅನ್ನು ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಕಾರಿನಲ್ಲಿ ಬಿಟ್ಟು, ಅದು 60 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 223 ಬಾರ್ ಆಗುತ್ತದೆ. ಇದು ಗ್ರೂಪಿನ ಮಾತಲ್ಲ, ಜೀವದ ಮಾತು. ಸಿಲಿಂಡರ್ ಮೇಲೆ ಕೆತ್ತಿದ ತಾರೀಖನ್ನೂ ನೋಡಿ. ಸ್ಪರ್ಧೆಯ ನಿಯಮದಲ್ಲಿ ಅದರ ಆಯುಷ್ಯ ಗರಿಷ್ಠ 10 ವರ್ಷ. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಬ್ಯಾರಲ್ ನೋಡುವ ಮೊದಲು ಇದನ್ನು ನೋಡಬೇಕು. ಬೆಳಗಾವಿಯ ಮಳೆಗಾಲದಲ್ಲಿ ಕೈಪಂಪಿನಿಂದ ತುಂಬಿದರೆ ಗಾಳಿಯ ಜೊತೆ ತೇವವೂ ಒಳಗೆ ಹೋಗುತ್ತದೆ, ಒಣಗಾಳಿ ಫಿಲ್ಟರ್ ಇರುವ ಪಂಪನ್ನೇ ಬಳಸಿ.

ಸ್ಪ್ರಿಂಗ್ ರೈಫಲ್ ಹೊಡೆದಾಗ ಹೊಗೆ, ಸುಟ್ಟ ವಾಸನೆ, ಛಟ್ ಎಂಬ ಜೋರು ಸದ್ದು ಬಂದರೆ ಪಿಸ್ಟನ್ ಮುಂದೆ ಎಣ್ಣೆ ಸೇರಿ ಉರಿಯುತ್ತಿದೆ. ವೇಗ ಎಲ್ಲೆಲ್ಲೋ ಹೋಗುತ್ತದೆ, ಗ್ರೂಪ್ ಕೂಡ. ಹೊಲಿಗೆ ಮಷಿನ್ ಎಣ್ಣೆ ಬಿಟ್ಟಿದ್ದೀರಾ ಎಂದು ಕೇಳಿದರೆ ಹೆಚ್ಚಿನವರು ಹೌದು ಎನ್ನುತ್ತಾರೆ. ಗಾಳಿ ಸಿಲಿಂಡರಿನ ರೈಫಲ್‌ಗಂತೂ ತುಂಬುವ ಕಡೆ ಎಣ್ಣೆ ಹನಿಯೂ ತಾಗಬಾರದು.

ಸ್ಕ್ರೂ, ಸೈಟ್, ಕೆನ್ನೆ

ಸಿಂದಗಿಯ ಹುಡುಗಿಯ ರೈಫಲ್ ಚೀಲದ ಮೇಲೆ ಸರಿ ಇತ್ತಲ್ಲ, ಅಂದರೆ ದೋಷ ರೈಫಲ್ ಮತ್ತು ಮೈ ಸೇರುವ ಜಾಗದಲ್ಲಿ ಇರಬೇಕು. ಅಂಥ ಜಾಗ ನಾಲ್ಕು: ಭುಜದ ಬಟ್, ಕೆನ್ನೆ ಇಡುವ ಹಲಗೆ, ಬಲಗೈ ಹಿಡಿ, ಎಡಗೈ ಮೇಲಿನ ಮುಂಗಟ್ಟಿಗೆ. ನಾಲ್ಕರ ಸ್ಕ್ರೂ ಪಕ್ಕದಲ್ಲೂ ಪೆನ್ಸಿಲ್ ಗೆರೆ ಎಳೆದು, ಆಕೆಗೆ ನಿಂತು ಪೂರ್ತಿ ಒಂದು ಮ್ಯಾಚ್ ಹೊಡೆಯಲು ಹೇಳಿದೆವು. ಮುಗಿದಾಗ ಕೆನ್ನೆ ಹಲಗೆ ಗೆರೆಯಿಂದ ಕೆಳಗೆ ಇಳಿದಿತ್ತು. ಕೆನ್ನೆಯ ಭಾರಕ್ಕೆ ಸ್ವಲ್ಪ ಸ್ವಲ್ಪವೇ ಜಾರುತ್ತಾ, ಕಣ್ಣು ಪೀಪ್ ಸೈಟಿನ (ಗುರಿ ನೋಡುವ ಸಣ್ಣ ತೂತಿನ) ನಡುವಿನಿಂದ ಸರಿಯುತ್ತಿತ್ತು. ಆಕೆ ಅದನ್ನು ಸರಿದೂಗಿಸಲು ಕತ್ತು ಚಾಚುತ್ತಿದ್ದಳು. ಹೊಸ ಡಬ್ಬಿ ಒಡೆದ ವಾರವೇ ಇದು ಶುರುವಾಗಿದ್ದು ಕಾಕತಾಳೀಯ. ಒಂದು ಸ್ಕ್ರೂ ಬಿಗಿ ಮಾಡಿದ್ದಕ್ಕೆ ತಂದೆಗೆ ಸಮಾಧಾನ ಆಗಲಿಲ್ಲ. "ಇಷ್ಟ ಏನ್ರಿ ಸರ?" ಎಂದು ಎರಡು ಸಲ ಕೇಳಿದರು.

ಸ್ಕ್ರೂ ಬಿಗಿಯುವಾಗ ತೋಳ್ಬಲ ತೋರಿಸಬೇಡಿ. ಬ್ಯಾರಲ್ ಭಾಗವನ್ನು ಸ್ಟಾಕ್‌ಗೆ ಹಿಡಿಯುವ ಸ್ಕ್ರೂಗಳಿಗೆ ಎಷ್ಟು ಬಿಗಿ ಎಂದು ರೈಫಲ್‌ನ ಪುಸ್ತಕದಲ್ಲಿ ಇರುತ್ತದೆ, ಟಾರ್ಕ್ ರೆಂಚ್‌ನಿಂದ ಅಷ್ಟೇ ಬಿಗಿಯಿರಿ. ಒಂದನ್ನು ಬಿಗಿದು ಇನ್ನೊಂದನ್ನು ಸಡಿಲ ಬಿಟ್ಟರೂ ಗುಂಡು ಬೀಳುವ ಜಾಗ ಸರಿಯುತ್ತದೆ.

ಬೆಳಕಿನ ಬಗ್ಗೆಯೂ ಒಂದು ಮಾತು. ತಗಡು ಶೆಡ್ಡಿನ ರೇಂಜ್‌ಗಳಲ್ಲಿ ಬೆಳಗ್ಗೆ ಒಂದು ಬದಿಯಿಂದ, ಸಂಜೆ ಇನ್ನೊಂದು ಬದಿಯಿಂದ ಬಿಸಿಲು ಬೀಳುತ್ತದೆ. ಕರೆಂಟ್ ಹೋದಾಗ ಟಾರ್ಗೆಟ್ ದೀಪವೂ ಹೋಗುತ್ತದೆ. ಕಪ್ಪು ವೃತ್ತದ ಅಂಚು ಕಣ್ಣಿಗೆ ಸರಿದಂತೆ ಕಾಣುತ್ತದೆ, ಗ್ರೂಪ್ ಪೂರ್ತಿ ಸರಿಯುತ್ತದೆ. ಪೆಲೆಟ್ ಟೆಸ್ಟ್ ಎಲ್ಲ ಒಂದೇ ಹೊತ್ತಿನಲ್ಲಿ, ಒಂದೇ ಬೆಳಕಿನಲ್ಲಿ ಮುಗಿಸಿ.

ಬ್ಯಾರಲ್

ಕೊನೆಗೆ ಬ್ಯಾರಲ್. ಎರಿ ಮಣ್ಣಿನ ಧೂಳು ಎಲ್ಲಿಗೂ ನುಗ್ಗುತ್ತದೆ, ಲೋಡ್ ಮಾಡುವ ಅಂಕಣಕ್ಕೂ. ಒಣ ಬಟ್ಟೆಯಿಂದ ದಿನವೂ ಒರೆಸಿ. ಬ್ಯಾರಲ್ ಒಳಗೆ ಫೆಲ್ಟ್ ತುಂಡುಗಳನ್ನು ಹಿಂದಿನಿಂದ ಮುಂದಕ್ಕೆ ದಾಟಿಸಿ. ಹಿತ್ತಾಳೆ ಬ್ರಷ್ ಬೇಡ. ಶುಚಿ ಮಾಡಿದ ಕೂಡಲೇ ಗ್ರೂಪ್ ಕೆಡುವುದು ಸಹಜ, ಗೆರೆಗಳ ಮೇಲೆ ಸೀಸದ ತೆಳು ಪದರ ಮತ್ತೆ ಕೂರುವವರೆಗೆ ಕೆಲವು ಗುಂಡು ಸುಮ್ನೆ ಹೊಡೆಯಬೇಕು. ಮ್ಯಾಚಿನ ಹಿಂದಿನ ರಾತ್ರಿ ಶುಚಿ ಮಾಡಿ ಬೆಳಗ್ಗೆ ಗಾಬರಿಯಾಗುವವರಿಗೆ ಇದನ್ನು ಹೇಳಿ.

ಪೆಲೆಟ್ ಬದಲಿಸಿ, ಆಳ ನೋಡಿ, ಸೀಲ್, ಸ್ಕ್ರೂ, ಗಾಳಿ ಎಲ್ಲ ನೋಡಿದ ಮೇಲೂ ಚೀಲದ ಮೇಲಿನ ಗ್ರೂಪ್ 3 ಮಿಮೀ ದಾಟಿದರೆ ಬ್ಯಾರಲ್‌ನ ಮುಂದಿನ ಬಾಯಿ ನೋಡಿ. ಹತ್ತಿ ಕಡ್ಡಿಯನ್ನು ಒಳಗಿಟ್ಟು ಹೊರಗೆ ಎಳೆಯುತ್ತಾ ಸುತ್ತಲೂ ತಿರುಗಿಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಂಚು ಚೂಪಾಗಿ ಎದ್ದಿದೆ, ಪೆಲೆಟ್ ಹೊರಡುವಾಗ ಅಲ್ಲಿಂದ ಗಾಳಿ ಒಂದೇ ಬದಿಗೆ ತಳ್ಳುತ್ತದೆ. ರೈಫಲನ್ನು ಬಾಯಿ ಕೆಳಗೆ ಮಾಡಿ ನೆಲಕ್ಕೆ ಊರಿದವರ ಬ್ಯಾರಲ್‌ನಲ್ಲಿ ಇದು ಸಿಗುತ್ತದೆ. ಊರಿನ ಲೇತ್ ಅಂಗಡಿಯಲ್ಲಿ ತುದಿ ಕತ್ತರಿಸಿಕೊಡುತ್ತೇವೆ ಎನ್ನುತ್ತಾರೆ, ಕೊಡಬೇಡಿ. ಒಳಗಿನ ತೂತಿಗೆ ಸರಿಯಾಗಿ ನಡು ಹಿಡಿದು ತಿರುವಬೇಕು, ಅದಕ್ಕೆ ಗನ್‌ಸ್ಮಿತ್ ಬೇಕು. ಕಳಿಸುವಾಗ ಸಿಲಿಂಡರ್ ಬಿಚ್ಚಿ ಖಾಲಿ ಮಾಡಿ. ನಾಲ್ಕು ಗ್ರೂಪಿನ ಕಾರ್ಡ್‌ಗಳನ್ನೂ, ಅವುಗಳ ಹಿಂದೆ ಬರೆದ ಪೆಲೆಟ್ ಅಳತೆ ಮತ್ತು ಲಾಟ್ ಸಂಖ್ಯೆಯನ್ನೂ ಜೊತೆಗೆ ಕಳಿಸಿ. ರಿಪೇರಿ ಮಾಡುವವರು ಅದೇ ಲಾಟ್‌ನಿಂದ ಹೊಡೆದು ನೋಡಿ ವಾಪಸ್ ಕೊಡಲು ಸಾಧ್ಯವಾಗುವಂತೆ ಒಂದು ಡಬ್ಬಿಯನ್ನೂ ಇಡಿ.